ಮಾತ್ರೆ ನುಂಗಿದ್ದು ಎಂದು, ಮೈ ಕೆಂಪೇರಿದ್ದು ಎಂದು?

2006ರಲ್ಲಿ ಚಿಕೂನ್‌ಗುನ್ಯಾ ಜ್ವರ ಕರ್ನಾಟಕವನ್ನು ಹಣ್ಣು ಮಾಡಿದಾಗ ಪೆಟ್ಟು ತಿಂದ ಜಿಲ್ಲೆಗಳಲ್ಲಿ ತುಮಕೂರೂ ಒಂದು. ದೇಶದಲ್ಲಿ ಆ ವರ್ಷ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದವು. ಆ ಜ್ವರ ಉಂಡವರಿಗೆ ಕೀಲುನೋವಿನ ಜೊತೆ ಇನ್ನೆರಡು ಸಂಗತಿ ನೆನಪಿರುತ್ತದೆ: ಮೈಮೇಲೆ ಎದ್ದ ಕೆಂಪು ದದ್ದು, ಜ್ವರ ಇಳಿದ ಮೇಲೂ ಕೆಲವರ ಮೂಗಿನ ಮೇಲೆ ಉಳಿದ ಕಪ್ಪು. ಎರಡನ್ನೂ ಆ ರೋಗವೇ ಮಾಡಬಲ್ಲದು. ಆದರೆ ಅದೇ ಜನ ಅದೇ ದಿನಗಳಲ್ಲಿ ನೋವಿನ ಮಾತ್ರೆಗಳನ್ನೂ ನುಂಗಿದ್ದರು. ನೋವಿನ ಮಾತ್ರೆಯೂ ದದ್ದು ಎಬ್ಬಿಸಬಲ್ಲದು, ಕಪ್ಪು ಕಲೆ ಉಳಿಸಬಲ್ಲದು. ಒಬ್ಬೊಬ್ಬರ ಮೈಮೇಲಿನ ಕಲೆ ಜ್ವರದ್ದೋ ಮಾತ್ರೆಯದೋ ಎಂದು ಕೂತು ಬಿಡಿಸುವ ವ್ಯವಧಾನ ಆ ಗದ್ದಲದಲ್ಲಿ ಯಾರಿಗಿತ್ತು?

ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಪ್ರತಿ ಜ್ವರದ ಕಾಲದಲ್ಲೂ ಮರಳಿ ಬರುತ್ತದೆ. ಇದಕ್ಕೆ ಕೊಡುವ ಉತ್ತರ ಎರಡು ಕಡೆಗೂ ತಪ್ಪಬಹುದು. ರೋಗದಿಂದ ಎದ್ದ ದದ್ದನ್ನು ಮಾತ್ರೆಯ ತಲೆಗೆ ಕಟ್ಟಿದರೆ, ಒಳ್ಳೆಯ ಔಷಧಿಯೊಂದು ಆ ವ್ಯಕ್ತಿಗೆ ಜೀವಮಾನವಿಡೀ ತಪ್ಪಿಹೋಗುತ್ತದೆ. ಮಾತ್ರೆಯಿಂದ ಎದ್ದ ದದ್ದನ್ನು ರೋಗವೆಂದುಕೊಂಡರೆ, ಆ ಮಾತ್ರೆ ಇನ್ನೂ ನಾಲ್ಕು ದಿನ ಹೊಟ್ಟೆಗೆ ಹೋಗುತ್ತದೆ. ಎರಡನೆಯ ತಪ್ಪು ಹೆಚ್ಚು ಅಪಾಯದ್ದು.

ನಮ್ಮ ಕಡೆ ಮೂರನೆಯ ಉತ್ತರವೂ ಒಂದಿದೆ. ಜ್ವರ ಬಂದು ಮೈತುಂಬ ಕೆಂಪು ಎದ್ದರೆ ಮನೆಯ ಹಿರಿಯರು ‘ಅಮ್ಮ ಬಂದಿದ್ದಾಳೆ’ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಬೀಳುತ್ತದೆ, ಒಗ್ಗರಣೆ ನಿಲ್ಲುತ್ತದೆ, ಮಾತ್ರೆಯೂ ನಿಲ್ಲುತ್ತದೆ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವವರು ಒಂದು ವಿಚಿತ್ರವನ್ನು ಗಮನಿಸಿರುವುದಿಲ್ಲ. ಆ ಕೆಂಪು ಮಾತ್ರೆಯಿಂದಲೇ ಬಂದದ್ದಾಗಿದ್ದರೆ, ಅಮ್ಮನಿಗೆ ಹೆದರಿ ಮಾತ್ರೆ ಬಿಟ್ಟವರು ತಮಗೆ ಅರಿವಿಲ್ಲದೆಯೇ ಚಿಕಿತ್ಸೆಯ ಮೊದಲ ಹೆಜ್ಜೆ ಇಟ್ಟಿರುತ್ತಾರೆ. ತಪ್ಪುವುದು ಎರಡನೆಯ ಹೆಜ್ಜೆ, ಅಂದರೆ ವೈದ್ಯರಿಗೆ ತೋರಿಸುವುದು. ದಡಾರ, ಸೀತಾಳೆ ಸಿಡುಬು, ಔಷಧಿಯ ದದ್ದು ಮೊದಲ ನೋಟಕ್ಕೆ ಒಂದನ್ನೊಂದು ಹೋಲಬಹುದು. ಬಿಡಿಸಿ ಹೇಳಬೇಕಾದರೆ ಎರಡು ವಿವರ ಬೇಕು. ಏನನ್ನು ನುಂಗಿದ್ದು? ನುಂಗಿ ಎಷ್ಟು ದಿನವಾದ ಮೇಲೆ ಎದ್ದದ್ದು?

ಈ ಎರಡು ವಿವರ ಅಷ್ಟು ಮುಖ್ಯವೇಕೆ ಎಂಬುದು ದೇಹ ಔಷಧಿಯನ್ನು ಎದುರಿಸುವ ರೀತಿಯನ್ನು ತಿಳಿದರೆ ಅರ್ಥವಾಗುತ್ತದೆ. ನಮ್ಮ ರೋಗನಿರೋಧಕ ವ್ಯವಸ್ಥೆಗೆ ಎರಡು ದಾರಿಗಳಿವೆ. ಒಂದು ವೇಗದ್ದು, ಇನ್ನೊಂದು ನಿಧಾನದ್ದು. ವೇಗದ ದಾರಿಯಲ್ಲಿ ಪ್ರತಿಕಾಯ ಎಂಬ ರಕ್ಷಕ ಕಣಗಳು ಔಷಧಿಯನ್ನು ಗುರುತಿಟ್ಟುಕೊಂಡು, ಚರ್ಮದ ಕೆಳಗಿನ ಮಾಸ್ಟ್ ಕೋಶಗಳ ಮೇಲೆ ಮೊದಲೇ ಕುಳಿತಿರುತ್ತವೆ. ಔಷಧಿ ಮತ್ತೆ ಒಳಗೆ ಬಂದ ಕೂಡಲೇ ಆ ಕೋಶಗಳಿಂದ ಹಿಸ್ಟಮೀನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗಿ ಅವುಗಳೊಳಗಿನ ದ್ರವ ಸೋರುತ್ತದೆ, ಚರ್ಮ ಅಲ್ಲಲ್ಲಿ ಉಬ್ಬುತ್ತದೆ, ವಿಪರೀತ ತುರಿಸುತ್ತದೆ. ಜನ ಗಂದೆ ಎನ್ನುವುದು ಇದನ್ನೇ. ಇದಕ್ಕೆ ಬೇಕಾದ ಸಮಯ ಕೆಲವು ನಿಮಿಷಗಳಿಂದ ಒಂದೆರಡು ಗಂಟೆ. ಪೆನಿಸಿಲಿನ್ ಇಂಜೆಕ್ಷನ್ ಇದರ ಹಳೆಯ ಉದಾಹರಣೆ. ಕೆಲವು ನೋವಿನ ಮಾತ್ರೆಗಳು ಪ್ರತಿಕಾಯದ ಹಂಗಿಲ್ಲದೆಯೇ ಇದೇ ಫಲ ಕೊಡುತ್ತವೆ.

ಬರೀ ಗಂದೆಯಾದರೆ ಹೆದರಬೇಕಾಗಿಲ್ಲ. ತುಟಿ, ರೆಪ್ಪೆ, ನಾಲಿಗೆ ಊದಿ, ಉಸಿರು ಕಟ್ಟಿದಂತಾಗಿ, ತಲೆ ಸುತ್ತಿದರೆ ಅದು ಅನಾಫಿಲ್ಯಾಕ್ಸಿಸ್. ಇಡೀ ದೇಹ ಒಮ್ಮೆಗೇ ಕೆರಳಿದ ಸ್ಥಿತಿ. ಇದಕ್ಕೆ ಮೊದಲ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಕಡಲೆಕಾಯಿ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬಂದವರಿಗೆ ವಿಷನಿರೋಧಕ ಕೊಡುವಾಗ ವೈದ್ಯರು ಈ ಇಂಜೆಕ್ಷನ್ ಪಕ್ಕದಲ್ಲಿಟ್ಟುಕೊಳ್ಳುವುದು ಇದೇ ಕಾರಣಕ್ಕೆ. ವಿಷನಿರೋಧಕವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಪರಕೀಯ ಪ್ರೋಟೀನನ್ನು ಕಂಡು ಕೆಲವರ ಮೈ ಗಂದೆ ಏಳುವುದು ಅಪರೂಪವಲ್ಲ. ಹಾಗೆಂದು ಅದನ್ನು ಬೇಡವೆನ್ನುವಂತಿಲ್ಲ. ಗಂದೆಯನ್ನು ಇಳಿಸಲು ಆಸ್ಪತ್ರೆಯಲ್ಲಿ ಮದ್ದುಂಟು, ಹಾವಿನ ವಿಷಕ್ಕೆ ಬೇರೆ ಮದ್ದಿಲ್ಲ.

ನಿಧಾನದ ದಾರಿ ಬೇರೆಯೇ. ಔಷಧಿಯ ಕಣ ಬಹಳ ಸಣ್ಣದು. ಒಂಟಿಯಾಗಿ ಇದ್ದಾಗ ರಕ್ಷಣಾ ವ್ಯವಸ್ಥೆ ಅದನ್ನು ಗಮನಿಸುವುದೇ ಇಲ್ಲ. ಅದು ನಮ್ಮದೇ ದೇಹದ ಪ್ರೋಟೀನಿಗೆ ಅಂಟಿಕೊಂಡಾಗ ಆ ಪ್ರೋಟೀನಿನ ಚಹರೆ ಬದಲಾದಂತಾಗುತ್ತದೆ. ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಅದನ್ನು ಹೊರಗಿನದೆಂದು ತಿಳಿದು, ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಂಡು, ಚರ್ಮಕ್ಕೆ ನುಗ್ಗುತ್ತವೆ. ಸಂಖ್ಯೆ ಹೆಚ್ಚಲು ದಿನಗಳು ಬೇಕು. ಆದ್ದರಿಂದ ಔಷಧಿಯಿಂದ ಏಳುವ ಅತಿ ಸಾಮಾನ್ಯ ದದ್ದು, ಅಂದರೆ ಎದೆ ಬೆನ್ನಿನಿಂದ ಶುರುವಾಗಿ ಕೈಕಾಲಿಗೆ ಹರಡುವ ದಡಾರದಂಥ ಕೆಂಪು, ಮಾತ್ರೆ ಶುರುಮಾಡಿದ ನಾಲ್ಕರಿಂದ ಹದಿನಾಲ್ಕು ದಿನಗಳ ನಡುವೆ ಕಾಣಿಸಿಕೊಳ್ಳುತ್ತದೆ. ಹಿಂದೊಮ್ಮೆ ಅದೇ ಔಷಧಿಗೆ ಮೈ ಕೆರಳಿದ್ದರೆ ಇನ್ನೂ ಬೇಗ.

ಜನರ ಲೆಕ್ಕ ತಪ್ಪುವುದು ಇಲ್ಲೇ. ಐದು ದಿನದ ಆಂಟಿಬಯಾಟಿಕ್ ಮುಗಿಸಿ ಎರಡು ದಿನವಾದ ಮೇಲೆ ಮೈ ಕೆಂಪಾದರೆ ಆ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಿನ್ನೆ ತಲೆನೋವಿಗೆ ನುಂಗಿದ ಬಡಪಾಯಿ ಪ್ಯಾರಸಿಟಮಾಲ್ ಸಿಕ್ಕಿಬೀಳುತ್ತದೆ. ಅದೂ ಇಲ್ಲದಿದ್ದರೆ ಬದನೆಕಾಯಿ ಹುಳಿ ತಿಂದದ್ದು ನಂಜಾಯಿತು ಎನ್ನುತ್ತಾರೆ. ಚರ್ಮವೈದ್ಯರು ದದ್ದು ಕಂಡ ದಿನದಿಂದ ಹಿಂದಕ್ಕೆ ಎಂಟು ವಾರದವರೆಗೆ ನುಂಗಿದ್ದನ್ನೆಲ್ಲ ಕೇಳುವುದು ರೋಗಿಗೆ ಕಾಟ ಕೊಡಲೆಂದಲ್ಲ. ಬಗೆಬಗೆಯ ದದ್ದುಗಳಿಗೆ ಬಗೆಬಗೆಯ ಅವಧಿಗಳಿವೆ, ಆ ಅವಧಿಯೇ ರೋಗನಿರ್ಣಯದ ಅರ್ಧ ಕೆಲಸ ಮಾಡಿಕೊಡುತ್ತದೆ.

ಈ ಕುಟುಂಬದಲ್ಲಿ ಅತ್ಯಂತ ಕುತೂಹಲದ ಸದಸ್ಯ ಒಂದಿದೆ. ಒಂದು ರೂಪಾಯಿ ನಾಣ್ಯದಷ್ಟೋ ಅದಕ್ಕಿಂತ ದೊಡ್ಡದೋ ಆದ ದುಂಡನೆಯ ಕಲೆ, ತುಟಿಯ ಮೇಲೆ, ಅಂಗೈಯಲ್ಲಿ ಅಥವಾ ಗುಪ್ತಾಂಗದ ಮೇಲೆ. ಮೊದಲು ಉರಿ, ಆಮೇಲೆ ಕಂದುಗೆಂಪು, ಕೆಲವೊಮ್ಮೆ ನಡುವೆ ನೀರುಗುಳ್ಳೆ. ವಾಸಿಯಾದ ಮೇಲೆ ತಿಂಗಳುಗಟ್ಟಲೆ ಹೋಗದ ಬೂದುಗಪ್ಪು. ಆರು ತಿಂಗಳ ಮೇಲೆ ಅದೇ ಮಾತ್ರೆ ನುಂಗಿದರೆ ಅದೇ ಜಾಗ ಕೆಲವೇ ಗಂಟೆಗಳಲ್ಲಿ ಮತ್ತೆ ಉರಿಯುತ್ತದೆ. ಒಂದಿಂಚೂ ಆಚೀಚೆ ಆಗುವುದಿಲ್ಲ. ಪ್ರತಿ ಸಲವೂ ಒಂದೆರಡು ಹೊಸ ಜಾಗ ಸೇರಿಕೊಳ್ಳಬಹುದು, ಹಳೆಯದು ಮಾತ್ರ ತಪ್ಪುವುದಿಲ್ಲ. 1894ರಲ್ಲಿ ಫ್ರಾನ್ಸಿನ ವೈದ್ಯ ಬ್ರೋಕ್ ಇದಕ್ಕೆ ಹೆಸರಿಟ್ಟ. ಕನ್ನಡದಲ್ಲಿ ಸ್ಥಿರ ಔಷಧ ದದ್ದು ಎನ್ನಬಹುದು.

ದೇಹಕ್ಕೆ ಜಾಗ ನೆನಪಿರುವುದು ಹೇಗೆ? ಮೊದಲ ಸಲ ಅಲ್ಲಿ ಹೋರಾಡಿದ ಟಿ-ಕೋಶಗಳಲ್ಲಿ ಕೆಲವು ವಾಪಸು ಹೋಗದೆ ಚರ್ಮದ ಮೇಲ್ಪದರದಲ್ಲೇ ಉಳಿದುಬಿಡುತ್ತವೆ. ದಂಡಿನ ಮಾರಮ್ಮನ ಜಾತ್ರೆಯ ಬಂದೋಬಸ್ತಿಗೆ ಬಂದ ಪೊಲೀಸರಲ್ಲಿ ನಾಲ್ಕು ಜನ ಜಾತ್ರೆ ಮುಗಿದ ಮೇಲೂ ಮಧುಗಿರಿಯಲ್ಲೇ ಠಿಕಾಣಿ ಹೂಡಿದ ಹಾಗೆ. ಉಳಿದ ಕಡೆ ದಂಡು ಹೊರಗಿನಿಂದ ಬರಬೇಕು, ಇಲ್ಲಿ ಮೊದಲೇ ಇದೆ. ಅದಕ್ಕೇ ಇಷ್ಟು ಬೇಗ, ಇಷ್ಟು ಕರಾರುವಾಕ್ಕಾಗಿ ಅದೇ ಜಾಗ ಕೆರಳುತ್ತದೆ.

ಇದಕ್ಕೆ ಕಾರಣವಾಗುವ ಔಷಧಿಗಳು ಅಪರೂಪದವಲ್ಲ. ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಮಾತ್ರೆ, ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಆರ್ನಿಡಜೋಲ್, ನಾರ್‌ಫ್ಲಾಕ್ಸಸಿನ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಡಾಕ್ಸಿಸೈಕ್ಲಿನ್, ತರಾವರಿ ನೋವಿನ ಮಾತ್ರೆಗಳು. ತುಟಿಯ ಮೇಲೆ ಬಂದರೆ ಜೇಡ ಹರಿದಿರಬೇಕು ಎಂದು ಸುಮ್ಮನಾಗುತ್ತಾರೆ. ಗುಪ್ತಾಂಗದ ಮೇಲೆ ಬಂದರೆ ಮಾತ್ರ ಸಂಸಾರಕ್ಕೇ ಸಂಕಟ. ಗಂಡಸು ಅದನ್ನು ಲೈಂಗಿಕ ರೋಗವೆಂದು ಹೆದರಿ ಯಾರಿಗೂ ಹೇಳದೆ ಇನ್ನಷ್ಟು ಆಂಟಿಬಯಾಟಿಕ್ ನುಂಗುತ್ತಾನೆ, ಹೆಂಡತಿಗೆ ಅವನ ಮೇಲೆ ಸಂಶಯ ಬರುತ್ತದೆ. ಪ್ರತಿ ಸಲ ಭೇದಿಯಾಗಿ ಮಾತ್ರೆ ತೆಗೆದುಕೊಂಡಾಗಲೇ ಹೀಗಾಗುತ್ತದೆ ಎಂಬ ಒಂದು ವಾಕ್ಯ ವೈದ್ಯರ ಕಿವಿಗೆ ಬಿದ್ದರೆ ಸಾಕು, ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ. ಆ ವಾಕ್ಯ ಹೇಳಲು ಎಷ್ಟೋ ಜನ ವರ್ಷಗಟ್ಟಲೆ ನಾಚುತ್ತಾರೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನವು ಮಾತ್ರೆ ಬಿಟ್ಟರೆ ಇಳಿಯುವಂಥವು. ಇನ್ನು ಹೇಳುವವು ಹಾಗಲ್ಲ. 1922ರಲ್ಲಿ ನ್ಯೂಯಾರ್ಕಿನ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ವೈದ್ಯರು ಇಬ್ಬರು ಹುಡುಗರಲ್ಲಿ ಕಂಡದ್ದನ್ನು ಬರೆದರು: ಜ್ವರ, ಮೈಮೇಲೆ ಕೆಂಪು ಮಚ್ಚೆಗಳು, ಬಾಯಿಯ ಒಳಗೆಲ್ಲ ಹುಣ್ಣು, ಕೀವು ತುಂಬಿದ ಕಣ್ಣು. 1956ರಲ್ಲಿ ಬ್ರಿಟನ್ನಿನ ಅಲನ್ ಲಯಲ್, ಬಿಸಿನೀರು ಸುರಿದಂತೆ ಚರ್ಮ ಹಾಳೆಹಾಳೆಯಾಗಿ ಸುಲಿಯುವ ಸ್ಥಿತಿಯನ್ನು ವಿವರಿಸಿದ. ಎರಡೂ ಒಂದೇ ರೋಗದ ಕಡಿಮೆ ಮತ್ತು ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಮೈಯ ಶೇ 10ಕ್ಕಿಂತ ಕಡಿಮೆ ಚರ್ಮ ಸುಲಿದರೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಶೇ 30 ದಾಟಿದರೆ ಲಯಲ್ ವಿವರಿಸಿದ ಸ್ಥಿತಿ, ಅಂದರೆ ಟೆನ್, ನಡುವಿನದು ಎರಡರ ಬೆರಕೆ. ಟೆನ್ ಆದವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲಿ ಕೆಲವರ ಕಣ್ಣಿಗೆ ಶಾಶ್ವತ ಹಾನಿ.

ಇಲ್ಲಿ ಟಿ-ಕೋಶಗಳು ಚರ್ಮದ ಮೇಲ್ಪದರದ ಕೋಶಗಳನ್ನೇ ಸಾಯಿಸುತ್ತವೆ. ಮೇಲ್ಪದರ ಸತ್ತು ಕೆಳಪದರದಿಂದ ಬಿಟ್ಟುಕೊಳ್ಳುತ್ತದೆ. ಚರ್ಮವಿಲ್ಲದ ದೇಹ ನೀರು, ಉಪ್ಪು, ಕಾವನ್ನು ಹಿಡಿದಿಡಲಾರದು, ಸೋಂಕನ್ನು ತಡೆಯಲಾರದು. ಹಾಗಾಗಿ ಇವರನ್ನು ಸುಟ್ಟಗಾಯದ ರೋಗಿಗಳಂತೆಯೇ ನೋಡಿಕೊಳ್ಳಬೇಕಾಗುತ್ತದೆ. ಔಷಧಿ ಶುರುಮಾಡಿದ ನಾಲ್ಕು ದಿನದಿಂದ ನಾಲ್ಕು ವಾರದೊಳಗೆ ಇದು ಕಾಣಿಸಿಕೊಳ್ಳುತ್ತದೆ. ಮೂರ್ಛೆರೋಗದ ಕಾರ್ಬಮಜೆಪೈನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲ ಇಳಿಸುವ ಅಲೊಪ್ಯೂರಿನಾಲ್, ಸಲ್ಫಾ ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳು ಇದರ ಮುಖ್ಯ ಕಾರಣಗಳು.

ಎಷ್ಟು ಅಪರೂಪ? ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಎಂಬುದು ಜಗತ್ತಿನ ಬೇರೆಬೇರೆ ಕಡೆಯ ಲೆಕ್ಕ. 2011ರ ಜನಗಣತಿಯಂತೆ ನಮ್ಮ ನಾಲ್ಕೂ ತಾಲ್ಲೂಕು ಸೇರಿದರೆ ಜನಸಂಖ್ಯೆ ಹತ್ತಿರ ಹತ್ತಿರ ಹತ್ತು ಲಕ್ಷ. ಅಂದರೆ ಇಡೀ ಪ್ರದೇಶದಲ್ಲಿ ವರ್ಷಕ್ಕೆ ಕೆಲವೇ ಕೆಲವು ಮಂದಿ. ಇದು ಸಮಾಧಾನದ ಮಾತಾದಂತೆ ಆತಂಕದ ಮಾತೂ ಹೌದು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹತ್ತು ವರ್ಷದ ಸೇವೆಯಲ್ಲಿ ಇಂಥ ಒಬ್ಬರನ್ನೂ ನೋಡದೆ ಇರಬಹುದು. ಮೊದಲ ಸಲ ನೋಡಿದಾಗ, ಅದೂ ಮೊದಲ ದಿನದ ಲಕ್ಷಣಗಳಲ್ಲಿ, ಗುರುತಿಸುವುದು ಸುಲಭವಲ್ಲ. ಆ ಮೊದಲ ದಿನಗಳಿಗೋ ಬೆಲೆ ಹೆಚ್ಚು. ಕಾರಣವಾದ ಔಷಧಿಯನ್ನು ಬೇಗ ನಿಲ್ಲಿಸಿದಷ್ಟೂ ಸಾವಿನ ಅಪಾಯ ದಿನಕ್ಕೆ ಸುಮಾರು ಶೇ 30ರಂತೆ ತಗ್ಗುತ್ತದೆ ಎಂದು 2000ದಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿತು. ದೇಹದಿಂದ ಬೇಗ ಹೊರಹೋಗುವ ಔಷಧಿಗಳ ವಿಷಯದಲ್ಲಿ ಕಂಡ ಲಾಭ ಇದು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಬೆಂಗಳೂರಿನ ವಿಕ್ಟೋರಿಯಾದಂಥ ಆಸ್ಪತ್ರೆ ಇನ್ನೂ ದೂರ. ಆ ಪಯಣ ಹೊರಡುವ ಮೊದಲೇ ಮಾತ್ರೆ ನಿಂತಿರಬೇಕು.

ಇನ್ನೊಂದು ತೀವ್ರ ಬಗೆ ಇನ್ನೂ ನಿಧಾನ. ಎರಡರಿಂದ ಎಂಟು ವಾರ ಬಿಟ್ಟು ಜ್ವರ, ಮುಖದ ಊತ, ದದ್ದು, ಗಂಟಲು ಕಂಕುಳಲ್ಲಿ ಗಡ್ಡೆ, ಜೊತೆಗೆ ಪಿತ್ತಜನಕಾಂಗಕ್ಕೆ ಪೆಟ್ಟು. ವೈದ್ಯರು ಇದನ್ನು ಡ್ರೆಸ್ ಎನ್ನುತ್ತಾರೆ. ಚರ್ಮದಲ್ಲಿ ಕಂಡರೂ ಇದರ ಅಪಾಯವಿರುವುದು ಒಳಗಿನ ಅಂಗಗಳಲ್ಲಿ. ಮುಟ್ಟಿನ ಹೊಟ್ಟೆನೋವಿಗೆ, ಮಕ್ಕಳ ಜ್ವರಕ್ಕೆ ಮನೆಮನೆಯಲ್ಲೂ ಬಳಸುವ ಮೆಫೆನಮಿಕ್ ಆಮ್ಲದ ಮಾತ್ರೆ, ಅಂದರೆ ಮೆಫ್ಟಾಲ್ ಮುಂತಾದವು, ಇದಕ್ಕೆ ಕಾರಣವಾಗಬಹುದೆಂದು ಘಾಜಿಯಾಬಾದಿನ ಭಾರತೀಯ ಔಷಧ ಸಂಹಿತಾ ಆಯೋಗ 2023ರ ನವೆಂಬರ್ 30ರಂದು ಎಚ್ಚರಿಕೆ ಹೊರಡಿಸಿತು. ಮಾತ್ರೆಯನ್ನು ನಿಷೇಧಿಸಲಿಲ್ಲ, ನುಂಗಿದವರ ಮೇಲೆ ಕಣ್ಣಿಡಿ ಎಂದಿತು. ಈ ವ್ಯತ್ಯಾಸವನ್ನು ಓದುಗರು ಮರೆಯಬಾರದು.

ಒಂದೇ ಮಾತ್ರೆ ಸಾವಿರ ಜನಕ್ಕೆ ಒಗ್ಗಿ ಒಬ್ಬರಿಗೆ ಮಾತ್ರ ಮುಳುವಾಗುವುದೇಕೆ? ಉತ್ತರದ ಒಂದು ಭಾಗ ವಂಶವಾಹಿಯಲ್ಲಿದೆ. ಕೋಶಗಳ ಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನುಗಳಿವೆ; ಒಳಗೇನಿದೆ ಎಂಬುದನ್ನು ಟಿ-ಕೋಶಗಳಿಗೆ ತೋರಿಸುವುದು ಅವುಗಳ ಕೆಲಸ. ಇವು ಅಪ್ಪ ಅಮ್ಮನಿಂದ ಬರುವಂಥವು, ಒಬ್ಬೊಬ್ಬರದು ಒಂದೊಂದು ಬಗೆ. ಕೆಲವು ಬಗೆಗಳಲ್ಲಿ ಒಂದು ನಿರ್ದಿಷ್ಟ ಔಷಧಿ ಸರಿಯಾಗಿ ಕಚ್ಚಿಕೊಂಡು ಕೂರುತ್ತದೆ. 2004ರಲ್ಲಿ ತೈವಾನಿನ ಸಂಶೋಧಕರು ಕಾರ್ಬಮಜೆಪೈನ್‌ನಿಂದ ಸ್ಟೀವನ್ಸ್-ಜಾನ್ಸನ್ ಆದ 44 ಜನರನ್ನು ಪರೀಕ್ಷಿಸಿದಾಗ ಅಷ್ಟೂ ಜನರಲ್ಲಿ ಎಚ್‌ಎಲ್‌ಎ-ಬಿ 15:02 ಎಂಬ ಒಂದೇ ಬಗೆ ಸಿಕ್ಕಿತು. ಆದ್ದರಿಂದಲೇ ಒಡಹುಟ್ಟಿದವರಿಗೆ ಇಂಥ ತೀವ್ರ ದದ್ದು ಆಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು.

ಕುಷ್ಠರೋಗದ ಚಿಕಿತ್ಸೆಯಲ್ಲಿ ಬಳಸುವ ಡ್ಯಾಪ್ಸೋನ್‌ಗೂ ಇಂಥದೇ ಒಂದು ನಂಟು 2013ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಪಾವಗಡಕ್ಕೆ ಕುಷ್ಠ ಹೊಸದಲ್ಲ. ಅಲ್ಲಿನ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ ಕುಷ್ಠ ಮತ್ತು ಕ್ಷಯರೋಗಿಗಳ ನಡುವೆ ದಶಕಗಳಿಂದ ಕೆಲಸ ಮಾಡಿದೆ. ಕುಷ್ಠದ ಮಾತ್ರೆಗಳಲ್ಲಿ ಇನ್ನೊಂದು ಪಾಠವೂ ಇದೆ. ಅವುಗಳಲ್ಲಿ ಒಂದಾದ ಕ್ಲೊಫಜಿಮಿನ್ ಚರ್ಮಕ್ಕೆ ಕಂದುಗಪ್ಪು ಬಣ್ಣ ಕೊಡುತ್ತದೆ. ಅದು ಅಲರ್ಜಿಯಲ್ಲ, ಔಷಧಿಯ ಸ್ವಂತ ಬಣ್ಣ ಚರ್ಮದಲ್ಲಿ ಸೇರಿದ್ದು. ಮಾತ್ರೆ ಮುಗಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಅದಕ್ಕೆ ಹೆದರಿ ಮಾತ್ರೆ ಬಿಟ್ಟರೆ ರೋಗ ಉಳಿಯುತ್ತದೆ.

ಕ್ಷಯದ ಕತೆಯಲ್ಲಿ ತುಮಕೂರು ಜಿಲ್ಲೆಗೆ ದೇಶದ ಇತಿಹಾಸದಲ್ಲೇ ಒಂದು ಜಾಗವಿದೆ. 1959ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತನ್ನ ಆರಂಭದ ದೊಡ್ಡ ಸಮೀಕ್ಷೆಯನ್ನು 1960-61ರಲ್ಲಿ ನಡೆಸಿದ್ದು ಈ ಜಿಲ್ಲೆಯ ಹಳ್ಳಿಗಳಲ್ಲಿ. ಇಂಥ ಕೆಲಸಗಳ ತಳಹದಿಯ ಮೇಲೆ 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಬಂತು. ಆ ಕಾಲದ ಅಗ್ಗದ ಮಾತ್ರೆಗಳಲ್ಲಿ ಥಯಾಸಿಟಜೋನ್ ಒಂದು. ಅದು ಕೆಲವರ ಚರ್ಮವನ್ನು ಕೆಡಿಸುತ್ತದೆಂದು ಆಗಲೇ ಗೊತ್ತಿತ್ತು, ಬೆಲೆ ಕಡಿಮೆಯೆಂದು ಸಹಿಸಿಕೊಂಡರು. ಎಚ್‌ಐವಿ ಬಂದ ಮೇಲೆ ಲೆಕ್ಕ ತಿರುಗಿತು. 1991ರಲ್ಲಿ ನೈರೋಬಿಯಿಂದ ಬಂದ ವರದಿಯಂತೆ, ಈ ಮಾತ್ರೆ ಸೇರಿದ ಚಿಕಿತ್ಸೆ ಪಡೆದ ಎಚ್‌ಐವಿ ಸೋಂಕಿತರಲ್ಲಿ ಐವರಲ್ಲಿ ಒಬ್ಬರಿಗೆ ಚರ್ಮದ ಪ್ರತಿಕ್ರಿಯೆ, ಸೋಂಕಿಲ್ಲದವರಲ್ಲಿ ನೂರಕ್ಕೆ ಒಬ್ಬರಿಗೆ. ಎಚ್‌ಐವಿ ಇರುವವರಿಗೆ ಅದನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕ್ರಮೇಣ ಆ ಮಾತ್ರೆ ಮೂಲೆ ಸೇರಿತು. ಯಾರೋ ದದ್ದನ್ನು ಕಂಡು, ಎಣಿಸಿ, ಬರೆದಿಟ್ಟರು ಎಂಬ ಕಾರಣಕ್ಕೇ ಇದಾದದ್ದು.

ಈಗ ನಮ್ಮ ಊರುಗಳ ಸ್ಥಿತಿ ನೋಡೋಣ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ, ಪ್ರಮಾಣ ಇನ್ನೂ ಏರಿದರೆ ಮೂಳೆ ಕೀಲುಗಳಿಗೆ ಪೆಟ್ಟು. ಕೀಲು ನೋಯುವವರು ನೋವಿನ ಮಾತ್ರೆಯ ಮೊರೆಹೋಗುತ್ತಾರೆ. ಮೆಡಿಕಲ್ ಸ್ಟೋರಿಗೆ ಹೋಗಿ ‘ಮೈಕೈ ನೋವಿಗೆ ಎರಡು ಹೊತ್ತಿಗೆ ಕೊಡಪ್ಪ’ ಎಂದರೆ ಕತ್ತರಿ ಸ್ಟ್ರಿಪ್ಪಿನ ಮೇಲೆ ಆಡುತ್ತದೆ, ನಾಲ್ಕು ಬಣ್ಣದ ಮಾತ್ರೆ ಕಾಗದದ ಪೊಟ್ಟಣದಲ್ಲಿ ಕೈಗೆ ಬರುತ್ತದೆ. ಹೆಸರು ಅಂಗಡಿಯಲ್ಲೇ ಉಳಿಯುತ್ತದೆ. ಹಳ್ಳಿಯಲ್ಲಿ ಡಿಗ್ರಿಯಿಲ್ಲದೆ ಇಂಜೆಕ್ಷನ್ ಚುಚ್ಚುವವರಂತೂ ಚೀಟಿಯನ್ನೇ ಕೊಡುವುದಿಲ್ಲ. ಪಾವಗಡದ ಸುತ್ತ ಮೂರು ದಿಕ್ಕೂ ಆಂಧ್ರ. ಚಿಕಿತ್ಸೆಗೆ ಹಿಂದೂಪುರ, ಅನಂತಪುರ, ಪುಟ್ಟಪರ್ತಿಗೆ ಹೋಗಿ ಬರುವವರು ಬೇಕಾದಷ್ಟು. ಅಲ್ಲಿ ಏನು ಕೊಟ್ಟರು ಎಂಬುದು ಇಲ್ಲಿನ ವೈದ್ಯರಿಗೆ ತಿಳಿಯುವ ದಾರಿ ರೋಗಿಯ ಕೈಚೀಲವೊಂದೇ.

ಜೋಡಿ ಮಾತ್ರೆಗಳು ಈ ಗೋಜಲನ್ನು ಹೆಚ್ಚಿಸುತ್ತವೆ. ಎರಡು ಮೂರು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಬೆರೆಸಿದಾಗ ದದ್ದು ಎದ್ದರೆ ತಪ್ಪು ಯಾವುದರದ್ದೆಂದು ಹೇಳುವುದು ಕಷ್ಟ. ಭೇದಿಗೆ ಧಾರಾಳವಾಗಿ ಕೊಡುವ ಆಫ್ಲಾಕ್ಸಸಿನ್-ಆರ್ನಿಡಜೋಲ್ ಜೋಡಿಯಲ್ಲಿ ಎರಡೂ ಸ್ಥಿರ ದದ್ದು ಎಬ್ಬಿಸಬಲ್ಲವು. ಕೇಂದ್ರ ಸರ್ಕಾರ 2016ರಲ್ಲಿ 344, 2018ರಲ್ಲಿ 328, 2024ರಲ್ಲಿ 156 ಜೋಡಿಗಳನ್ನು ನಿಷೇಧಿಸಿದೆ. ಕೆಲವು ಕೋರ್ಟು ಮೆಟ್ಟಿಲೇರಿದವು, ಮಾರುಕಟ್ಟೆಯಲ್ಲಿ ಜೋಡಿಗಳಿಗೇನೂ ಬರವಿಲ್ಲ.

ಹಚ್ಚುವ ಮುಲಾಮಿನದು ಬೇರೆಯೇ ಬಗೆಯ ಹಾನಿ. ಹುಳುಕಡ್ಡಿಗೆ, ಮುಖದ ಬಂಗಿಗೆ, ಬೆಳ್ಳಗಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಕ್ರೀಮುಗಳಲ್ಲಿ ಬಹಳಷ್ಟರಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ತುರಿಕೆ ಮಾಯ. ಸ್ಟೀರಾಯ್ಡ್ ಚರ್ಮದ ಸಿಟ್ಟನ್ನು ಇಳಿಸಿತೇ ಹೊರತು ಶಿಲೀಂಧ್ರವನ್ನು ಕೊಲ್ಲಲಿಲ್ಲ. ಅದು ನೆಮ್ಮದಿಯಾಗಿ ಹರಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣಿಸಿ, ಬಿಟ್ಟ ಕೂಡಲೇ ಉರಿ ಶುರುವಾಗುತ್ತದೆ. 2018ರ ಮಾರ್ಚ್‌ನಲ್ಲಿ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರ್ಕಾರ ಆದೇಶಿಸಿತು. ಸಂತೆಯ ದಿನ ಯಾವುದೇ ಊರಿನ ಮೆಡಿಕಲ್ ಸ್ಟೋರಿನ ಮುಂದೆ ಹತ್ತು ನಿಮಿಷ ನಿಂತರೆ ಆ ಆದೇಶದ ಯೋಗ್ಯತೆ ತಿಳಿಯುತ್ತದೆ.

ನಾಟಿಮದ್ದು ನಿರಪಾಯ ಎಂಬ ಮಾತಿಗೂ ಒಂದು ಎಚ್ಚರ ಬೇಕು. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರಾದ ಜಾಗ, ಅಲ್ಲಿನ ಗಿಡಗಳ ಬಗ್ಗೆ ನನಗೂ ಗೌರವವಿದೆ. ಆದರೆ ಗಿಡದಲ್ಲಿರುವುದೂ ರಾಸಾಯನಿಕವೇ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜ, ಅಂದರೆ ಭಲ್ಲಾತಕದ ಎಣ್ಣೆ, ಶುದ್ಧಿ ಮಾಡದೆ ಹಚ್ಚಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಹೊಲದ ಬದುವಿನ ಕಾಂಗ್ರೆಸ್ ಗಿಡ ಯಾವ ಮದ್ದೂ ಅಲ್ಲದಿದ್ದರೂ ಮುಖ, ಕುತ್ತಿಗೆ, ಮೊಣಕೈ ಸಂದುಗಳನ್ನು ಕೆರೆಸುತ್ತದೆ, ಮಾತ್ರೆ ನುಂಗುತ್ತಿದ್ದವರು ಮಾತ್ರೆಯನ್ನು ದೂರುತ್ತಾರೆ.

ಹಾಗಾದರೆ ದದ್ದು ಕಂಡಾಗ ಏನು ಮಾಡಬೇಕು? ಬಾಯಿ, ಕಣ್ಣು ಅಥವಾ ಗುಪ್ತಾಂಗದಲ್ಲಿ ಹುಣ್ಣು, ಮೈಮೇಲೆ ನೀರುಗುಳ್ಳೆ, ಮುಟ್ಟಿದರೆ ನೋಯುವ ಅಥವಾ ಜಾರುವ ಚರ್ಮ, ಮುಖದ ಊತ, ಉಸಿರಾಟದ ತೊಂದರೆ, ದದ್ದಿನ ಜೊತೆ ಜ್ವರ, ಇವುಗಳಲ್ಲಿ ಒಂದಿದ್ದರೂ ಹೊಸದಾಗಿ ಶುರುಮಾಡಿದ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು. 108 ಇರುವುದು ಇದಕ್ಕೂ ಹೌದು. ಬರೀ ತುರಿಕೆ, ಸ್ವಲ್ಪ ಕೆಂಪು ಇದ್ದರೆ ಅದೇ ದಿನ ವೈದ್ಯರನ್ನು ಕೇಳಿದರೆ ಸಾಕು. ಕ್ಷಯ, ಮೂರ್ಛೆ, ಹೃದಯದ ಮಾತ್ರೆಗಳನ್ನು ಅಂಥ ಸಣ್ಣ ತುರಿಕೆಗಾಗಿ ತಾವೇ ಬಿಡಬಾರದು. ಕ್ಷಯದ ಮಾತ್ರೆಗೆ ದದ್ದು ಎದ್ದರೆ ವೈದ್ಯರು ಎಲ್ಲವನ್ನೂ ನಿಲ್ಲಿಸಿ, ಇಳಿದ ಮೇಲೆ ಒಂದೊಂದಾಗಿ ಮತ್ತೆ ಶುರುಮಾಡಿ ತಪ್ಪಿತಸ್ಥನನ್ನು ಹುಡುಕುತ್ತಾರೆ. ಆ ಪರೀಕ್ಷೆಯನ್ನು ಮನೆಯಲ್ಲಿ ಯಾರೂ ಮಾಡಬಾರದು. ಸ್ಟೀವನ್ಸ್-ಜಾನ್ಸನ್ ಆದವರಿಗೆ ಆ ಮಾತ್ರೆ ಇನ್ನೆಂದೂ ಬೇಡ.

ಔಷಧಿಯಿಂದಾದ ತೊಂದರೆಯನ್ನು ವರದಿ ಮಾಡಲು ದೇಶದಲ್ಲಿ 2010ರಿಂದ ಒಂದು ಕಾರ್ಯಕ್ರಮವಿದೆ. 2011ರಿಂದ ಘಾಜಿಯಾಬಾದಿನ ಅದೇ ಆಯೋಗ ಅದನ್ನು ನಡೆಸುತ್ತಿದೆ. ವೈದ್ಯರೇ ಬರೆಯಬೇಕೆಂದಿಲ್ಲ, ರೋಗಿಯೇ ಬರೆಯಬಹುದು; ಅರ್ಜಿ ನಮೂನೆ ಕನ್ನಡದಲ್ಲೂ ಇದೆ. ಕೆಲಸದ ದಿನಗಳಲ್ಲಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ಅಭಿಪ್ರಾಯ. ಪ್ರತಿ ತಾಲ್ಲೂಕಿಗೂ ಇನ್ನಷ್ಟು ಚರ್ಮತಜ್ಞರು ಬೇಕು, ನಿಜ. ಆದರೆ ಅವರು ಬಂದ ಮೇಲೂ ಕೇಳುವ ಮೊದಲ ಪ್ರಶ್ನೆ ಏನು ನುಂಗಿದ್ದು, ಎಂದು ನುಂಗಿದ್ದು ಎಂಬುದೇ. ಅದಕ್ಕೆ ಉತ್ತರ ರೋಗಿಯ ಬಳಿ ಇರುವಂತೆ ಮಾಡಲು ತಜ್ಞರೂ ಬೇಡ, ದೊಡ್ಡ ಯಂತ್ರವೂ ಬೇಡ. ಆಸ್ಪತ್ರೆಯವರು ದದ್ದು ಎದ್ದವರಿಗೆ ಔಷಧಿಯ ಹೆಸರು, ತಾರೀಖು, ಆದ ತೊಂದರೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಚೀಟಿ ಕೊಟ್ಟು ಕಳಿಸಲಿ. ಗಡಿಯಾಚೆ ಹೋದರೂ ಅದನ್ನು ಓದುವವರು ಸಿಗುತ್ತಾರೆ. ಮೆಡಿಕಲ್ ಸ್ಟೋರಿನವರು ಸ್ಟ್ರಿಪ್ ಕತ್ತರಿಸಲೇಬೇಕಾದರೆ ಪೊಟ್ಟಣದ ಮೇಲೆ ಹೆಸರು ಬರೆಯಲಿ. ನೀವು ಕೂಡ ಖಾಲಿ ಸ್ಟ್ರಿಪ್ಪನ್ನು ತಿಪ್ಪೆಗೆ ಎಸೆಯುವ ಮೊದಲು ಎರಡು ತಿಂಗಳು ಒಂದು ಡಬ್ಬಿಯಲ್ಲಿ ಹಾಕಿಡಿ. ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನೇ ಹಿಡಿದುಕೊಂಡು ಹೋಗಿ.